ಪ್ಲೇಟ್ಲೆಟ್ ಒಂದೇ ಅಲ್ಲ: ಜ್ವರ ಬಂದಾಗ ರಕ್ತದಲ್ಲಿ ನಡೆಯುವ ಕೆಲಸ

ಮಳೆ ಶುರುವಾಗಿ ಒಂದು ತಿಂಗಳಾದರೆ ಸಾಕು, ಬೆಂಗಳೂರಿನ ಲ್ಯಾಬುಗಳ ಮುಂದೆ ಬೆಳಿಗ್ಗೆ ಏಳಕ್ಕೇ ಜನ ನಿಂತಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರಿಪೋರ್ಟ್ ವಾಟ್ಸಾಪಿಗೆ ಬರುತ್ತದೆ. ಅಲ್ಲಿಂದ ಮನೆಯ ಗ್ರೂಪಿಗೆ ಹೋಗುತ್ತದೆ. ಗ್ರೂಪಿನಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: "ಪ್ಲೇಟ್ಲೆಟ್ ಎಷ್ಟಿದೆ?" ನೀರು ಕುಡಿಯುತ್ತಿದ್ದಾರಾ, ಹೊಟ್ಟೆ ನೋವಿದೆಯಾ, ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅಂತ ಯಾರೂ ಕೇಳುವುದಿಲ್ಲ. ಡಾಕ್ಟರು ಮಾತ್ರ ಕೇಳುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಮನೆ, ಅಂಗಡಿ, ಕಟ್ಟಡ ಕೆಲಸದ ಜಾಗಗಳಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮವೂ ಬಂತು. ಆಗಿನಿಂದ ಸಿಬಿಸಿ ಅನ್ನುವ ರಕ್ತಪರೀಕ್ಷೆಯ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಆ ಹಾಳೆಯಲ್ಲಿ ಪ್ಲೇಟ್ಲೆಟ್ ಒಂದು ಸಾಲು ಅಷ್ಟೆ. ಉಳಿದ ಸಾಲುಗಳಲ್ಲೂ ವಿಷಯವಿದೆ. ನಮ್ಮ ದೇಹ ರೋಗಾಣುವಿನ ಜೊತೆ ಹೇಗೆ ಸೆಣಸುತ್ತಿದೆ ಅನ್ನುವುದರ ಸುಳಿವು ಅಲ್ಲಿದೆ. ಅದನ್ನು ಓದಬೇಕಾದರೆ ಮೊದಲು ರಕ್ತದಲ್ಲಿ ಏನೇನಿದೆ ಅಂತ ತಿಳಿಯಬೇಕು.

## ಒಂದು ಹನಿಯಲ್ಲಿ ಎಷ್ಟು ಕಣ?

ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಪ್ಲಾಸ್ಮಾ, ಅಂದರೆ ತಿಳಿಹಳದಿ ಬಣ್ಣದ ದ್ರವ. ಉಳಿದದ್ದು ಕಣಗಳು. ರಿಪೋರ್ಟಿನಲ್ಲಿರುವ ಲೆಕ್ಕ ಒಂದು ಘನ ಮಿಲಿಮೀಟರ್ ರಕ್ತದ್ದು. ಅಂದರೆ ಸೂಜಿಯ ತುದಿಗೆ ಅಂಟುವಷ್ಟು. ಅಷ್ಟರಲ್ಲೇ ಕೆಂಪು ರಕ್ತಕಣಗಳು 40ರಿಂದ 55 ಲಕ್ಷ ಇರುತ್ತವೆ. ಪ್ಲೇಟ್ಲೆಟ್ಟುಗಳು ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಬಿಳಿ ರಕ್ತಕಣಗಳು ಮಾತ್ರ ಬರೀ 4,000ದಿಂದ 11,000.

ಕೆಂಪು ಕಣದ ಕೆಲಸ ಆಮ್ಲಜನಕ ಹೊರುವುದು. ಪ್ಲೇಟ್ಲೆಟ್ ಕೆಲಸ ಗಾಯವಾದ ಕಡೆ ಅಂಟಿಕೊಂಡು ರಕ್ತ ಹೆಪ್ಪುಗಟ್ಟಿಸುವುದು. ರೋಗಾಣುವಿನ ಜೊತೆ ನೇರವಾಗಿ ಗುದ್ದಾಡುವುದು ಬಿಳಿ ರಕ್ತಕಣ. ಮತ್ತೆ ಇಷ್ಟು ಮುಖ್ಯ ಕೆಲಸಕ್ಕೆ ಇಷ್ಟು ಕಡಿಮೆ ಕಣಗಳಾ? ಹಾಗಲ್ಲ. ಬಿಳಿ ಕಣಗಳಿಗೆ ರಕ್ತ ಓಡಾಡುವ ದಾರಿ ಅಷ್ಟೆ. ಅವು ಇರುವುದು ಹೆಚ್ಚಾಗಿ ಬೇರೆ ಕಡೆ: ಮೂಳೆಯ ಒಳಗಿನ ಮಜ್ಜೆಯಲ್ಲಿ, ಗುಲ್ಮದಲ್ಲಿ, ಕರುಳಿನ ಗೋಡೆಯಲ್ಲಿ, ಕತ್ತು ಕಂಕುಳುಗಳ ಗ್ರಂಥಿಗಳಲ್ಲಿ. ಲ್ಯಾಬಿನವರು ಎಣಿಸುವುದು ಆ ಹೊತ್ತಿಗೆ ದಾರಿಯಲ್ಲಿ ಸಿಕ್ಕವನ್ನು ಮಾತ್ರ.

ಎಲ್ಲ ಕಣಗಳೂ ಹುಟ್ಟುವುದು ಮೂಳೆಮಜ್ಜೆಯಲ್ಲಿ, ಒಂದೇ ಬಗೆಯ ತಾಯಿಕೋಶದಿಂದ. ಆಯಸ್ಸು ಮಾತ್ರ ಬೇರೆ ಬೇರೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಪ್ಲೇಟ್ಲೆಟ್ ಎಂಟು ಹತ್ತು ದಿನ. ಬಿಳಿ ಕಣಗಳಲ್ಲಿ ಕೆಲವು ರಕ್ತಕ್ಕೆ ಇಳಿದ ಮೇಲೆ ಒಂದು ದಿನವೂ ಉಳಿಯುವುದಿಲ್ಲ, ಕೆಲವು ಹತ್ತಾರು ವರ್ಷ ಉಳಿಯುತ್ತವೆ. ಇಷ್ಟು ಅಂತರ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

## ಒಳಗೆ ಬರಲು ಬಿಡದ ಗೋಡೆಗಳು

ಹೆಚ್ಚಿನ ರೋಗಾಣುಗಳು ರಕ್ತದವರೆಗೆ ಬರುವುದೇ ಇಲ್ಲ. ಚರ್ಮ ತಡೆಯುತ್ತದೆ. ಮೂಗಿನ ಸಿಂಬಳ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆಯ ಆಮ್ಲ ತುಂಬಾ ಬ್ಯಾಕ್ಟೀರಿಯಾಗಳನ್ನು ಅಲ್ಲೇ ಮುಗಿಸುತ್ತದೆ. ಕಣ್ಣೀರು, ಎಂಜಲುಗಳಲ್ಲಿ ಲೈಸೋಜೈಮ್ ಅನ್ನುವ ಕಿಣ್ವ ಇದೆ. ಅದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆಯುತ್ತದೆ. ಇದನ್ನು ಗುರುತಿಸಿದ್ದು ಅಲೆಕ್ಸಾಂಡರ್ ಫ್ಲೆಮಿಂಗ್, ಪೆನಿಸಿಲಿನ್ ಕಂಡುಹಿಡಿಯುವುದಕ್ಕೂ ಮೊದಲು.

ಸೊಳ್ಳೆ ಈ ಎಲ್ಲ ಗೋಡೆಗಳನ್ನೂ ದಾಟಿಬಿಡುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಹೊತ್ತಿನಲ್ಲಿ ಕಚ್ಚುತ್ತದೆ. ಕಚ್ಚುವಾಗ ಎಂಜಲಿನ ಜೊತೆ ವೈರಸ್ಸನ್ನು ನೇರ ಚರ್ಮದ ಒಳಕ್ಕೇ ಬಿಡುತ್ತದೆ.

## ಮೊದಲು ಓಡಿ ಬರುವುದು ನ್ಯೂಟ್ರೋಫಿಲ್

ವೈರಸ್ಸಿಗೆ ಹೋಗುವ ಮೊದಲು ಸುಲಭದ ಉದಾಹರಣೆ ನೋಡೋಣ. ಕಾಲಿಗೆ ಮುಳ್ಳು ಚುಚ್ಚಿತು. ಮುಳ್ಳಿನ ಜೊತೆ ಮಣ್ಣಿನ ಬ್ಯಾಕ್ಟೀರಿಯಾಗಳೂ ಒಳಗೆ ಹೋದವು. ಅಲ್ಲೇ ಚರ್ಮದಡಿ ಇರುವ ಕೋಶಗಳು ರಾಸಾಯನಿಕಗಳನ್ನು ಬಿಡುತ್ತವೆ. ಸುತ್ತಲಿನ ರಕ್ತನಾಳ ಅಗಲವಾಗುತ್ತದೆ, ಅದರ ಗೋಡೆ ಸ್ವಲ್ಪ ಸಡಿಲವಾಗುತ್ತದೆ. ಅದಕ್ಕೇ ಆ ಜಾಗ ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು. ಬಾವು ಅಂತ ನಾವು ಬೈದುಕೊಳ್ಳುವುದು ನಿಜವಾಗಿ ದಾರಿ ಬಿಟ್ಟುಕೊಡುವ ಏರ್ಪಾಡು.

ಆ ದಾರಿಯಲ್ಲಿ ರಕ್ತದಿಂದ ಹೊರಬಂದು ನುಗ್ಗುವುದು ನ್ಯೂಟ್ರೋಫಿಲ್. ರಿಪೋರ್ಟಿನಲ್ಲಿ ಬಿಳಿ ಕಣಗಳ ಕೆಳಗೆ ಶೇಕಡಾ ಲೆಕ್ಕದ ಐದು ಹೆಸರುಗಳಿವೆ ಅಲ್ವಾ? ಅದರಲ್ಲಿ ಮೊದಲನೆಯದು ಇದೇ. ದೊಡ್ಡವರಲ್ಲಿ ಬಿಳಿ ಕಣಗಳ ಪೈಕಿ ಶೇ 40ರಿಂದ 70ರಷ್ಟು ಇವೇ ಇರುತ್ತವೆ. ಇವು ಬ್ಯಾಕ್ಟೀರಿಯಾವನ್ನು ಸುತ್ತುವರಿದು ನುಂಗಿ, ಒಳಗೆ ಕರಗಿಸುತ್ತವೆ. ನುಂಗಲಾಗದಿದ್ದರೆ ಇನ್ನೊಂದು ದಾರಿಯಿದೆ. ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಹೊರಗೆ ಚೆಲ್ಲಿ ಬ್ಯಾಕ್ಟೀರಿಯಾವನ್ನು ಸಿಕ್ಕಿಸುತ್ತವೆ. ಇದು ಗೊತ್ತಾಗಿದ್ದು ತೀರಾ ಈಚೆಗೆ, 2004ರಲ್ಲಿ. ಕೆಲಸ ಮುಗಿಸಿ ಅಲ್ಲೇ ಸಾಯುತ್ತವೆ. ಗಾಯದಿಂದ ಬರುವ ಕೀವಿನಲ್ಲಿ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ.

ಬ್ಯಾಕ್ಟೀರಿಯಾದ ಸೋಂಕು ಜೋರಾಗಿದ್ದಾಗ ಮಜ್ಜೆ ಇವನ್ನು ಹೆಚ್ಚು ಹೆಚ್ಚು ಬಿಡುತ್ತದೆ. ಬಿಳಿ ಕಣಗಳ ಒಟ್ಟು ಲೆಕ್ಕ 15,000, 20,000ಕ್ಕೆ ಏರಬಹುದು. ಆದ್ದರಿಂದ "ಬಿಳಿ ಕಣ ಜಾಸ್ತಿ ಇದ್ದರೆ ರೋಗನಿರೋಧಕ ಶಕ್ತಿ ಜಾಸ್ತಿ" ಅನ್ನುವುದು ಸರಿಯಲ್ಲ. ಹೆಚ್ಚಿನ ಲೆಕ್ಕ ಅಂದರೆ ಒಳಗೆ ಏನೋ ನಡೆಯುತ್ತಿದೆ ಅಂತ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡರೂ ಏರುತ್ತದೆ, ಬಸುರಿಯರಲ್ಲಿ ಸುಮ್ನೆ ಏರಿರುತ್ತದೆ.

ನ್ಯೂಟ್ರೋಫಿಲ್ ಹಿಂದೆಯೇ ಬರುವುದು ಮಾನೋಸೈಟ್. ರಿಪೋರ್ಟಿನಲ್ಲಿ ಇದರ ಪಾಲು ಚಿಕ್ಕದು, ಶೇ 10ರೊಳಗೆ. ರಕ್ತದಿಂದ ಹೊರಬಂದ ಮೇಲೆ ಇದು ದೊಡ್ಡದಾಗಿ ಬೆಳೆದು ಮ್ಯಾಕ್ರೋಫೇಜ್ ಆಗುತ್ತದೆ. ರೋಗಾಣುವಿನ ಜೊತೆಗೆ ಸತ್ತ ಕೋಶಗಳನ್ನೂ ತಿಂದು ಜಾಗ ಚೊಕ್ಕ ಮಾಡುತ್ತದೆ.

ಈ ನುಂಗುವ ಕೆಲಸ ದೇಹದ ರಕ್ಷಣೆಗೆ ಅಂತ ತೋರಿಸಿಕೊಟ್ಟವರು ಎಲಿ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ ಬಿಟ್ಟರು. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ಅದನ್ನು ಹಂಚಿಕೊಂಡವರು ಪಾಲ್ ಎರ್ಲಿಕ್. ರಕ್ಷಣೆ ಕೋಶಗಳಿಂದಲ್ಲ, ರಕ್ತದ ದ್ರವದಲ್ಲಿರುವ ವಸ್ತುಗಳಿಂದ ಅನ್ನುವ ಪಕ್ಷದವರು ಅವರು. ಇಬ್ಬರದೂ ಸರಿ ಅಂತ ಆಮೇಲೆ ಗೊತ್ತಾಯಿತು.

## ಜ್ವರ ಬರಿಸುವುದು ಯಾರು?

ಜ್ವರವನ್ನು ರೋಗಾಣು ತರುವುದಲ್ಲ, ನಮ್ಮ ದೇಹವೇ ಬರಿಸಿಕೊಳ್ಳುತ್ತದೆ. ಬಿಳಿ ಕಣಗಳು ಬಿಡುವ ರಾಸಾಯನಿಕಗಳು ರಕ್ತದಲ್ಲಿ ಮಿದುಳಿಗೆ ತಲುಪುತ್ತವೆ. ಅಲ್ಲಿ ಹೈಪೋಥಲಾಮಸ್ ಅನ್ನುವ ಚಿಕ್ಕ ಭಾಗ ಮೈಯ ಶಾಖವನ್ನು ನಿರ್ಧರಿಸುತ್ತದೆ. ಅದು ಗುರಿಯನ್ನು 98.6 ಡಿಗ್ರಿಯಿಂದ 102ಕ್ಕೆ ಏರಿಸಿತು ಅಂದುಕೊಳ್ಳಿ. ಈಗ ಮೈ ಇನ್ನೂ 99ರಲ್ಲಿದೆ. ಹಾಗಾಗಿ ಮಿದುಳಿಗೆ ಇದು ಚಳಿ ಅನ್ನಿಸುತ್ತದೆ. ನಡುಕ ಶುರುವಾಗುತ್ತದೆ, ಎರಡು ಕಂಬಳಿ ಸಾಲುವುದಿಲ್ಲ. ನಡುಕದಿಂದ ಶಾಖ ಹುಟ್ಟಿ ಮೈ 102 ಮುಟ್ಟುತ್ತದೆ. ಗುರಿ ಮತ್ತೆ ಇಳಿದಾಗ ಬೆವರು ಸುರಿಯುತ್ತದೆ.

ಶಾಖ ಏರಿದರೆ ಹಲವು ರೋಗಾಣುಗಳು ನಿಧಾನವಾಗಿ ಬೆಳೆಯುತ್ತವೆ, ಬಿಳಿ ಕಣಗಳು ಚುರುಕಾಗುತ್ತವೆ. ಪ್ಯಾರಾಸಿಟಮಾಲ್ ಈ ಗುರಿಯನ್ನು ಇಳಿಸುತ್ತದೆ ಅಷ್ಟೆ, ರೋಗಾಣುವನ್ನು ಮುಟ್ಟುವುದಿಲ್ಲ. ಮಾತ್ರೆಯ ಶಕ್ತಿ ಮುಗಿದ ಮೇಲೆ ಜ್ವರ ತಿರುಗಿ ಬರುವುದು ಇದಕ್ಕೇ.

## ವೈರಸ್ ಕೋಶದ ಒಳಗೆ ಅಡಗಿದಾಗ

ಬ್ಯಾಕ್ಟೀರಿಯಾ ಹೆಚ್ಚಾಗಿ ಕೋಶಗಳ ಹೊರಗೆ ಬೆಳೆಯುತ್ತದೆ. ಹಾಗಾಗಿ ಅದನ್ನು ಹಿಡಿದು ನುಂಗಬಹುದು. ವೈರಸ್ ಹಾಗಲ್ಲ. ಅದಕ್ಕೆ ಸ್ವಂತವಾಗಿ ಬೆಳೆಯಲು ಬರುವುದಿಲ್ಲ. ನಮ್ಮ ಕೋಶದ ಒಳಗೆ ಹೊಕ್ಕು, ಆ ಕೋಶದಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಆಂಟಿಬಯೋಟಿಕ್ ಮಾತ್ರೆಗಳು ಬ್ಯಾಕ್ಟೀರಿಯಾದ ಗೋಡೆಯನ್ನೋ ಯಂತ್ರಾಂಗವನ್ನೋ ಗುರಿಯಾಗಿಸಿ ಮಾಡಿದವು. ವೈರಸ್ಸಿನಲ್ಲಿ ಅವೆರಡೂ ಇಲ್ಲ. ಆದ್ದರಿಂದ ಡೆಂಗಿಗೆ, ನೆಗಡಿಗೆ ಆಂಟಿಬಯೋಟಿಕ್ ನುಂಗಿದರೆ ಏನೂ ಉಪಯೋಗವಿಲ್ಲ.

ವೈರಸ್ ಹೊಕ್ಕ ಕೋಶ ಸುಮ್ಮನಿರುವುದಿಲ್ಲ. ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಬಿಡುತ್ತದೆ. ಅಕ್ಕಪಕ್ಕದ ಕೋಶಗಳು ಅದನ್ನು ಗ್ರಹಿಸಿ, ವೈರಸ್ ಬಂದರೂ ಬೆಳೆಯದಂತೆ ತಮ್ಮ ಒಳಗಿನ ಕೆಲಸವನ್ನು ಬದಲಿಸಿಕೊಳ್ಳುತ್ತವೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಪತ್ತೆ ಮಾಡಿದರು. ಜ್ವರದ ಮೊದಲ ದಿನ ಮೈಕೈ ಮುರಿದಂತೆ ನೋಯುತ್ತದಲ್ಲ, ಅದರಲ್ಲಿ ವೈರಸ್ಸಿನ ಪಾಲಿಗಿಂತ ಇಂಥ ರಾಸಾಯನಿಕಗಳ ಪಾಲು ದೊಡ್ಡದು.

ಇಷ್ಟರ ಮೇಲೆ ಲಿಂಫೋಸೈಟ್ ಬರುತ್ತದೆ. ರಿಪೋರ್ಟಿನ ಎರಡನೇ ಹೆಸರು, ಶೇ 20ರಿಂದ 40. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಎನ್‌ಕೆ ಕೋಶಗಳು ಸಹಜವಾಗಿ ಕಾಣದ ಕೋಶವನ್ನು ಮೊದಲ ದಿನಗಳಲ್ಲೇ ಕೊಲ್ಲುತ್ತವೆ. ಟಿ ಕೋಶಗಳಲ್ಲಿ ಒಂದು ಗುಂಪು ವೈರಸ್ ಹೊಕ್ಕ ಕೋಶವನ್ನು ಗುರುತು ಹಿಡಿದು ಕೊಲ್ಲುತ್ತದೆ, ಇನ್ನೊಂದು ಗುಂಪು ಉಳಿದವಕ್ಕೆ ಕೆಲಸ ಶುರುಮಾಡಿ ಅಂತ ಸೂಚನೆ ಕೊಡುತ್ತದೆ. ಎಚ್‌ಐವಿ ಹಾಳುಮಾಡುವುದು ಈ ಸೂಚನೆ ಕೊಡುವ ಗುಂಪನ್ನೇ. ಅದಕ್ಕೇ ಆ ಒಂದು ಸೋಂಕಿನಿಂದ ಇಡೀ ವ್ಯವಸ್ಥೆ ಕುಸಿಯುತ್ತದೆ. ಮೂರನೆಯದು ಬಿ ಕೋಶ. ಅದು ಯಾರನ್ನೂ ನುಂಗುವುದಿಲ್ಲ. ಅದು ಮಾಡುವುದು ಆಂಟಿಬಾಡಿ.

ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಏರಿದರೆ ಬ್ಯಾಕ್ಟೀರಿಯಾ, ಲಿಂಫೋಸೈಟ್ ಏರಿದರೆ ವೈರಸ್ ಅಂತ ಡಾಕ್ಟರು ಅಂದಾಜು ಮಾಡುವುದು ಈ ಕಾರಣಕ್ಕೆ. ಇದು ಅಂದಾಜು ಮಾತ್ರ, ತೀರ್ಪಲ್ಲ. ಡೆಂಗಿಯಲ್ಲಿ ಬಿಳಿ ಕಣಗಳ ಒಟ್ಟು ಲೆಕ್ಕ 4,000ಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಪ್ಲೇಟ್ಲೆಟ್ ಬೀಳುವ ಮೊದಲೇ ಇದು ಕಾಣಿಸಿಕೊಳ್ಳುವುದುಂಟು. ಮನೆಯವರು ಗಮನಿಸದಿದ್ದರೂ ಡಾಕ್ಟರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

## ಕಾಣದ ರೋಗಾಣುವಿಗೂ ಆಂಟಿಬಾಡಿ ಹೇಗೆ?

ಆಂಟಿಬಾಡಿ ಅಂದರೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರೋಟೀನ್. ವೈಯ ಎರಡು ತುದಿಗಳು ಒಂದು ನಿರ್ದಿಷ್ಟ ಆಕಾರಕ್ಕೆ ಮಾತ್ರ ಅಂಟುತ್ತವೆ. ವೈರಸ್ಸಿನ ಮೈಗೆ ಅಂಟಿಕೊಂಡರೆ ಅದು ಕೋಶದ ಒಳಗೆ ಹೋಗಲಾರದು. ವೈಯ ಬಾಲವನ್ನು ಹಿಡಿದು ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ. ಈ ಬಾಲದ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಲ್ಲಿ ವಿಜ್ಞಾನಿಗಳನ್ನು ಬಹಳ ಕಾಲ ಕಾಡಿದ ಪ್ರಶ್ನೆಯೊಂದಿದೆ. ಮನುಷ್ಯನಲ್ಲಿರುವ ಜೀನುಗಳು ಸುಮಾರು 20,000. ಆದರೆ ದೇಹ ಕೋಟ್ಯಂತರ ಬಗೆಯ ಆಂಟಿಬಾಡಿ ಮಾಡಬಲ್ಲದು. ಇದುವರೆಗೆ ಭೂಮಿಯ ಮೇಲೆ ಇರದ ರೋಗಾಣುವಿಗೂ ಮಾಡಬಲ್ಲದು. ಹೇಗೆ?

ದರ್ಶಿನಿಯ ಕೌಂಟರಿನ ಲೆಕ್ಕ ಹಾಕಿ ನೋಡಿ. ತಿಂಡಿ ಹತ್ತು ಬಗೆ, ಜೊತೆಗೆ ಚಟ್ನಿ ಸಾಂಬಾರು ಸಾಗು ಅಂತ ನಾಲ್ಕು, ಕುಡಿಯಲು ಐದು. ಅಡುಗೆಮನೆಯಲ್ಲಿ ಮಾಡಿಟ್ಟದ್ದು 19 ಪದಾರ್ಥ. ಪ್ರತಿ ಸಾಲಿನಿಂದ ಒಂದೊಂದು ಆರಿಸಿದರೆ ತಟ್ಟೆಗಳು 200 ಬಗೆ. ಬಿ ಕೋಶ ಮಾಡುವುದೂ ಇದನ್ನೇ. ಆಂಟಿಬಾಡಿಯ ದೊಡ್ಡ ಸರಪಳಿಗೆ ಜೀನಿನ ತುಂಡುಗಳು ಮೂರು ಸಾಲಿನಲ್ಲಿವೆ: ಮೊದಲನೆಯದರಲ್ಲಿ ಸುಮಾರು 40, ಎರಡನೆಯದರಲ್ಲಿ ಇಪ್ಪತ್ತಕ್ಕೂ ಹೆಚ್ಚು, ಮೂರನೆಯದರಲ್ಲಿ 6. ಪ್ರತಿ ಬಿ ಕೋಶವೂ ಹುಟ್ಟುವಾಗ ಒಂದೊಂದನ್ನು ಎತ್ತಿ ಜೋಡಿಸಿಕೊಳ್ಳುತ್ತದೆ. ಅಷ್ಟರಲ್ಲೇ ಐದು ಸಾವಿರದಷ್ಟು ಬಗೆ. ಚಿಕ್ಕ ಸರಪಳಿಯಲ್ಲೂ ಇದೇ ಜೋಡಣೆ. ಸಾಲದ್ದಕ್ಕೆ ಜೋಡಿಸುವ ಜಾಗದಲ್ಲಿ ಕೆಲವು ಅಕ್ಷರಗಳನ್ನು ಮನಸ್ಸಿಗೆ ಬಂದಂತೆ ಸೇರಿಸುತ್ತದೆ, ಕಳೆಯುತ್ತದೆ. ಲೆಕ್ಕ ಕೋಟಿ ದಾಟುವುದು ಹೀಗೆ. ಇದನ್ನು ತೋರಿಸಿದ್ದಕ್ಕೆ ಸುಸುಮು ತೊನೆಗಾವಾ ಅವರಿಗೆ 1987ರ ನೊಬೆಲ್ ಸಿಕ್ಕಿತು.

ಅಂದರೆ ಡೆಂಗಿ ವೈರಸ್ಸಿಗೆ ಹೊಂದುವ ಬಿ ಕೋಶ ಸೊಳ್ಳೆ ಕಚ್ಚುವ ಮೊದಲೇ ನಿಮ್ಮಲ್ಲಿ ಇದೆ. ಕೆಲವೇ ಕೆಲವು. ವೈರಸ್ಸಿನ ತುಣುಕು ಅದಕ್ಕೆ ಎದುರಾಗಬೇಕು. ಆ ಭೇಟಿ ನಡೆಯುವುದು ದುಗ್ಧಗ್ರಂಥಿಗಳಲ್ಲಿ, ಅಂದರೆ ಮೊದಲು ಹೇಳಿದ ಕತ್ತು ಕಂಕುಳುಗಳ ಗ್ರಂಥಿಗಳಂಥವುಗಳಲ್ಲಿ. ಡೆಂಡ್ರಿಟಿಕ್ ಕೋಶಗಳು ಚರ್ಮದಿಂದ, ಮೂಗಿನಿಂದ ರೋಗಾಣುವಿನ ತುಣುಕುಗಳನ್ನು ಹೊತ್ತು ಅಲ್ಲಿಗೆ ಬರುತ್ತವೆ. ಹೊಂದಿಕೆ ಆದ ಬಿ ಕೋಶ, ಟಿ ಕೋಶಗಳು ಒಡೆದು ಒಡೆದು ಸಾವಿರಾರು ಆಗುತ್ತವೆ. ಗ್ರಂಥಿ ಊದುತ್ತದೆ. ಗಂಟಲು ನೋವಿದ್ದಾಗ ದವಡೆಯ ಕೆಳಗೆ ಕೈಗೆ ಸಿಗುವ ಗಂಟು ಇದೇ.

ಬೆಂಗಳೂರಿಗೆ ಈ ಗಂಟಿನ ಕರಾಳ ರೂಪವೂ ಗೊತ್ತಿದೆ. 1898ರಲ್ಲಿ ಇಲ್ಲಿ ಪ್ಲೇಗ್ ಬಂದಾಗ ಜನರ ತೊಡೆಸಂದಿ, ಕಂಕುಳುಗಳಲ್ಲಿ ಏಳುತ್ತಿದ್ದ ಗಡ್ಡೆಗಳು ಊದಿದ ದುಗ್ಧಗ್ರಂಥಿಗಳೇ. ಪ್ಲೇಗ್ ಬ್ಯಾಕ್ಟೀರಿಯಾ ಗ್ರಂಥಿಯೊಳಗೇ ಬೆಳೆದು ಅದನ್ನು ಹಾಳುಮಾಡುತ್ತದೆ. ಆ ಪ್ಲೇಗಿನ ನಂತರವೇ ಗಾಳಿ ಬೆಳಕು ಇರುವ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರ ಬೆಳೆದವು.

## ನೆನಪು ಉಳಿಯುವ ಬಗೆ

ಹೊಂದುವ ಕೋಶ ಸಿಕ್ಕು, ಒಡೆದು, ಸಾಕಷ್ಟು ಆಂಟಿಬಾಡಿ ಬರಲು ಐದರಿಂದ ಏಳು ದಿನ ಬೇಕು. ವೈರಲ್ ಜ್ವರ ಸುಮಾರು ಒಂದು ವಾರ ಕಾಡುವುದಕ್ಕೆ ಇದೂ ಒಂದು ಕಾರಣ. ಕೆಲಸ ಮುಗಿದ ಮೇಲೆ ಹೆಚ್ಚಿನ ಕೋಶಗಳು ಸಾಯುತ್ತವೆ. ಕೆಲವು ಮಾತ್ರ ಉಳಿಯುತ್ತವೆ. ಹತ್ತಾರು ವರ್ಷ ಬದುಕುವ ಬಿಳಿ ಕಣಗಳು ಇವೇ. ಅದೇ ರೋಗಾಣು ಮತ್ತೆ ಬಂದರೆ ವಾರ ಕಾಯಬೇಕಿಲ್ಲ, ಒಂದೆರಡು ದಿನದಲ್ಲೇ ಆಂಟಿಬಾಡಿ ಸಿದ್ಧ.

ಲಸಿಕೆ ಮಾಡುವುದು ಈ ನೆನಪನ್ನು ರೋಗವಿಲ್ಲದೆ ಹುಟ್ಟಿಸುವ ಕೆಲಸ. 1796ರಲ್ಲಿ ಜೆನ್ನರ್ ಸಿಡುಬಿಗೆ ಇದನ್ನು ತೋರಿಸಿದರು. 1802ರಲ್ಲಿ ಮುಂಬೈಯಲ್ಲಿ ಭಾರತದ ಮೊದಲ ಲಸಿಕೆ ಹಾಕಲಾಯಿತು. ಸ್ವಲ್ಪ ಕಾಲದಲ್ಲೇ ಅದು ಮೈಸೂರು ಅರಮನೆಗೂ ಬಂತು. 1805ರ ಸುಮಾರಿನ ಒಂದು ಚಿತ್ರದಲ್ಲಿ ಮೈಸೂರಿನ ರಾಣಿಯೊಬ್ಬರು ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸಿ ಜನರ ಭಯ ಕಳೆಯಲು ಬರೆಸಿದ ಚಿತ್ರ ಅದು ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ.

ನಾಯಿ ಕಚ್ಚಿದಾಗ ಕೊಡುವ ಚಿಕಿತ್ಸೆ ಈ ವಾರದ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ರೇಬಿಸ್ ವೈರಸ್ ನರಗಳ ಮೂಲಕ ನಿಧಾನವಾಗಿ ಮಿದುಳಿನ ಕಡೆ ಹೋಗುತ್ತದೆ. ಹಾಗಾಗಿ ಕಚ್ಚಿದ ಮೇಲೆ ಲಸಿಕೆ ಕೊಟ್ಟರೂ ಸಮಯ ಸಿಗುತ್ತದೆ. ಆದರೆ ಲಸಿಕೆಯಿಂದ ಆಂಟಿಬಾಡಿ ಬರುವವರೆಗಿನ ಆ ವಾರ ಏನು ಮಾಡುವುದು? ಅದಕ್ಕೆ ಗಾಯ ಆಳವಾಗಿದ್ದರೆ ಅಥವಾ ರಕ್ತ ಬಂದಿದ್ದರೆ ಸಿದ್ಧ ಆಂಟಿಬಾಡಿಯನ್ನು, ಅಂದರೆ ಇಮ್ಯುನೋಗ್ಲಾಬ್ಯುಲಿನ್ ಅನ್ನು, ಗಾಯದ ಸುತ್ತಲೇ ಚುಚ್ಚುತ್ತಾರೆ. ಅದು ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ, ಅಷ್ಟರಲ್ಲಿ ದೇಹ ತನ್ನದನ್ನು ಮಾಡಿಕೊಂಡಿರುತ್ತದೆ. ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುವುದು ಎಲ್ಲಕ್ಕಿಂತ ಮೊದಲು.

## ಎನ್‌ಎಸ್1, ಐಜಿಎಂ, ಐಜಿಜಿ

ಈಗ ಡೆಂಗಿ ರಿಪೋರ್ಟಿನ ಈ ಮೂರು ಹೆಸರುಗಳನ್ನು ಸುಲಭವಾಗಿ ಓದಬಹುದು. ಎನ್‌ಎಸ್1 ವೈರಸ್ಸಿನದೇ ಒಂದು ಪ್ರೋಟೀನ್. ಜ್ವರದ ಮೊದಲ ಐದು ದಿನಗಳಲ್ಲಿ ರಕ್ತದಲ್ಲಿ ಸಿಗುತ್ತದೆ. ಐಜಿಎಂ ದೇಹ ಮೊದಲು ಮಾಡುವ ಆಂಟಿಬಾಡಿ. ನಾಲ್ಕೈದನೇ ದಿನದ ನಂತರ ಕಾಣುತ್ತದೆ. ಐಜಿಜಿ ಬಹುಕಾಲ ಉಳಿಯುವ ಆಂಟಿಬಾಡಿ. ಎರಡನೇ ದಿನಕ್ಕೇ ಐಜಿಎಂ ಪರೀಕ್ಷೆ ಮಾಡಿಸಿ "ನೆಗೆಟಿವ್ ಬಂತು, ಡೆಂಗಿ ಅಲ್ಲ" ಅಂದುಕೊಂಡರೆ ತಪ್ಪು. ಆಗಿನ್ನೂ ದೇಹ ಅದನ್ನು ಮಾಡಿಯೇ ಇರುವುದಿಲ್ಲ. ಜ್ವರ ಬಂದ ಎರಡು ಮೂರು ದಿನದಲ್ಲೇ ಐಜಿಜಿ ಜೋರಾಗಿ ಕಂಡರೆ, ಇದು ಮೊದಲ ಡೆಂಗಿ ಅಲ್ಲದಿರಬಹುದು ಅನ್ನುವ ಸುಳಿವು.

## ಪ್ಲೇಟ್ಲೆಟ್ ಯಾಕೆ ಇಳಿಯುತ್ತದೆ?

ಕಾರಣ ಒಂದಲ್ಲ. ವೈರಸ್ ಮಜ್ಜೆಯ ಕೆಲಸವನ್ನು ಕೆಲವು ದಿನ ತಗ್ಗಿಸುತ್ತದೆ. ಆಂಟಿಬಾಡಿಗಳು ಪ್ಲೇಟ್ಲೆಟ್ಟಿಗೂ ಅಂಟಿಕೊಂಡು ಅವು ಬೇಗ ನಾಶವಾಗುತ್ತವೆ. ಕೆಣಕಿದ ರಕ್ತನಾಳದ ಗೋಡೆಗಳಿಗೆ ಅಂಟಿ ಕೆಲವು ಖರ್ಚಾಗುತ್ತವೆ.

ಆದರೆ ಡೆಂಗಿಯಲ್ಲಿ ಜೀವಕ್ಕೆ ಅಪಾಯ ತರುವುದು ಹೆಚ್ಚಾಗಿ ಪ್ಲೇಟ್ಲೆಟ್ ಅಲ್ಲ, ಪ್ಲಾಸ್ಮಾ ಸೋರುವುದು. ರಾಸಾಯನಿಕಗಳ ಉಬ್ಬರಕ್ಕೆ, ಎನ್‌ಎಸ್1 ಪ್ರೋಟೀನಿನ ಕಾಟಕ್ಕೆ ರಕ್ತನಾಳದ ಗೋಡೆ ಸಡಿಲವಾಗಿ ದ್ರವ ಹೊಟ್ಟೆ, ಎದೆಗೂಡುಗಳಿಗೆ ಇಳಿಯುತ್ತದೆ. ಮುಳ್ಳು ಚುಚ್ಚಿದ ಜಾಗದಲ್ಲಿ ಉಪಕಾರಿಯಾಗಿದ್ದ ಅದೇ ಸಡಿಲಿಕೆ ಇಡೀ ಮೈಯಲ್ಲಿ ನಡೆದರೆ ರಕ್ತದೊತ್ತಡ ಕುಸಿಯುತ್ತದೆ. ದ್ರವ ಹೋದಂತೆ ಉಳಿದ ರಕ್ತ ಗಟ್ಟಿಯಾಗುತ್ತದೆ. ರಿಪೋರ್ಟಿನಲ್ಲಿ ಅದು ಪಿಸಿವಿ ಅಥವಾ ಹಿಮಟೋಕ್ರಿಟ್ ಅನ್ನುವ, ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು ಹೇಳುವ ಸಾಲಿನಲ್ಲಿ ಏರಿಕೆಯಾಗಿ ಕಾಣುತ್ತದೆ. ರೋಗಿಯ ಮೊದಲಿನ ಪಿಸಿವಿಗಿಂತ ಶೇ 20 ಏರಿದರೆ ಸೋರಿಕೆ ಗಣನೀಯ ಅಂತ ಡಾಕ್ಟರು ತೆಗೆದುಕೊಳ್ಳುತ್ತಾರೆ. ಮನೆಯ ಗ್ರೂಪಿನಲ್ಲಿ ಯಾರೂ ಕೇಳದ ಸಾಲು ಇದು.

ಇನ್ನೊಂದು ವಿಷಯ ಜನರಿಗೆ ಸುಲಭಕ್ಕೆ ನಂಬಿಕೆಯಾಗುವುದಿಲ್ಲ. ಈ ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. "ಜ್ವರ ಬಿಟ್ಟಿತು, ಇನ್ನು ಆರಾಮ" ಅಂತ ಆಫೀಸಿಗೆ ಹೊರಡುವ ದಿನವೇ ಅದು. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ಮೂಗಿನಲ್ಲಿ ರಕ್ತ, ಕಪ್ಪು ಮಲ, ತೀರಾ ಸುಸ್ತು, ಮಂಕು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಪ್ಲೇಟ್ಲೆಟ್ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಬೇಕು. ಆಸ್ಪಿರಿನ್, ಐಬುಪ್ರೊಫೆನ್ ಡೆಂಗಿಯಲ್ಲಿ ಬೇಡ. ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಪ್ಲೇಟ್ಲೆಟ್ 50,000ಕ್ಕೆ ಬಂದರೆ ರಕ್ತನಿಧಿಗೆ ಓಡುವ ಮನೆಗಳಿವೆ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಬಂದಾಗ ಮಾತ್ರ ಏರಿಸುವ ಯೋಚನೆ ಮಾಡಬಹುದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಏರಿಸಿದ ಪ್ಲೇಟ್ಲೆಟ್ಟುಗಳನ್ನೂ ದೇಹ ಅದೇ ರೀತಿ ಬೇಗ ನಾಶ ಮಾಡುತ್ತದೆ. ಒಂದು ವಾರ ಕಳೆದ ಮೇಲೆ ಮಜ್ಜೆ ಚೇತರಿಸಿಕೊಂಡು ಲೆಕ್ಕ ತಾನಾಗಿ ಏರುತ್ತದೆ. ಆ ಹೊತ್ತಿಗೆ ಪಪ್ಪಾಯಿ ಎಲೆಯ ರಸ ಕುಡಿದಿದ್ದರೆ ಅದಕ್ಕೆ, ಕಿವಿ ಹಣ್ಣು ತಿಂದಿದ್ದರೆ ಅದಕ್ಕೆ ಹೆಸರು ಬರುತ್ತದೆ.

## ದಾರಿ ತಪ್ಪಿದರೆ ಅಲರ್ಜಿ

ಇಷ್ಟು ಬಗೆಯ ಗುರುತು ಹಿಡಿಯುವ ವ್ಯವಸ್ಥೆ ಕೆಲವೊಮ್ಮೆ ತೊಂದರೆ ಕೊಡದ ವಸ್ತುವಿನ ಮೇಲೂ ಬೀಳುತ್ತದೆ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮುಟ್ಟಿದವರಲ್ಲಿ ಕೆಲವರಿಗೆ ಚರ್ಮ ಕೆರೆದು ಒರಟಾಗುತ್ತದೆ. ಅದು ಟಿ ಕೋಶಗಳ ಕೆಲಸ. ಪರಾಗಕ್ಕೆ ಸೀನು ಬರುವುದು ಐಜಿಇ ಅನ್ನುವ ಬೇರೆ ಬಗೆಯ ಆಂಟಿಬಾಡಿಯ ಕೆಲಸ. ಅಲರ್ಜಿ ಇದ್ದವರಿಗೆ, ಹೊಟ್ಟೆಯಲ್ಲಿ ಹುಳು ಇದ್ದವರಿಗೆ ರಿಪೋರ್ಟಿನಲ್ಲಿ ಇಯೋಸಿನೋಫಿಲ್ ಶೇಕಡಾ ಏರಿರುವುದುಂಟು. ಐದನೆಯ ಹೆಸರು ಬೇಸೋಫಿಲ್ ಶೇ 1ರ ಆಸುಪಾಸು. ಅಲರ್ಜಿಯಲ್ಲಿ ಅದರದೂ ಪಾಲಿದೆ.

ನಮ್ಮದೇ ಅಂಗಗಳ ಮೇಲೆ ಯಾಕೆ ಬೀಳುವುದಿಲ್ಲ? ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳ ಸೋಸುವಿಕೆ ನಡೆಯುತ್ತದೆ. ನಮ್ಮದನ್ನೇ ಹಿಡಿಯುವವು ಅಲ್ಲೇ ಸಾಯುತ್ತವೆ. ತಪ್ಪಿಸಿಕೊಂಡವನ್ನು ಹತೋಟಿಯಲ್ಲಿಡಲು ಬೇರೊಂದು ಬಗೆಯ ಟಿ ಕೋಶಗಳಿವೆ. ಇವನ್ನು ಬಿಡಿಸಿ ತೋರಿಸಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂದಿದೆ. ಈ ಹತೋಟಿ ತಪ್ಪಿದಾಗ ಬರುವ ರೋಗಗಳಲ್ಲಿ ರುಮಟಾಯ್ಡ್ ಸಂಧಿವಾತ, ಮಕ್ಕಳ ಟೈಪ್ 1 ಮಧುಮೇಹ ಸೇರಿವೆ.

## ಎರಡನೇ ಡೆಂಗಿ ಮತ್ತು ಲಸಿಕೆಯ ತೊಡಕು

ಒಮ್ಮೆ ಬಂದ ರೋಗ ಮತ್ತೆ ಬಂದರೆ ಹಗುರ ಅನ್ನುವುದು ಸಾಮಾನ್ಯ ನಿಯಮ. ಡೆಂಗಿಯಲ್ಲಿ ಅದು ತಿರುಗುಮುರುಗು ಆಗಬಹುದು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಅದರಲ್ಲಿ ಯಾವುದಾದರೂ ಒಂದು ಬಗೆ ಬಂದು ಹೋದರೆ ಅದು ಮತ್ತೆ ಬಾರದಂತೆ ರಕ್ಷಣೆ ಬಹುಕಾಲ ಇರುತ್ತದೆ. ಉಳಿದ ಮೂರರ ವಿರುದ್ಧದ ರಕ್ಷಣೆ ಕೆಲವು ತಿಂಗಳಷ್ಟೆ. ಆಮೇಲೆ ಬೇರೊಂದು ಬಗೆ ಬಂದರೆ ಹಳೆಯ ಆಂಟಿಬಾಡಿ ಅದಕ್ಕೆ ಅರೆಬರೆ ಅಂಟುತ್ತದೆ, ನಿಷ್ಕ್ರಿಯ ಮಾಡುವುದಿಲ್ಲ. ವೈಯ ಬಾಲ ಮಾತ್ರ ಎಂದಿನಂತೆ ಕೆಲಸ ಮಾಡುತ್ತದೆ. ಮ್ಯಾಕ್ರೋಫೇಜ್ ಬಾಲ ಹಿಡಿದು ವೈರಸ್ಸನ್ನು ಒಳಗೆ ಎಳೆದುಕೊಳ್ಳುತ್ತದೆ. ಜೀವಂತ ವೈರಸ್ಸಿಗೆ ಬೇಕಾದದ್ದೂ ಅದೇ. ಡೆಂಗಿ ವೈರಸ್ ಬೆಳೆಯುವುದೇ ಇಂಥ ಕೋಶಗಳಲ್ಲಿ.

ಇದನ್ನು ಸ್ಕಾಟ್ ಹಾಲ್‌ಸ್ಟೆಡ್ ಥಾಯ್ಲೆಂಡಿನ ಮಕ್ಕಳ ಅಧ್ಯಯನದಿಂದ ಮುಂದಿಟ್ಟರು. ತಾಯಿಯಿಂದ ಆಂಟಿಬಾಡಿ ಪಡೆದ ಎಳೆ ಮಕ್ಕಳಲ್ಲಿ, ಆ ಆಂಟಿಬಾಡಿ ಕಡಿಮೆಯಾಗುತ್ತಾ ಬಂದ ತಿಂಗಳುಗಳಲ್ಲಿ ಮೊದಲ ಡೆಂಗಿಯೇ ತೀವ್ರವಾಗುತ್ತಿತ್ತು. ಕ್ಯೂಬಾದಲ್ಲಿ 1977ರಲ್ಲಿ ಒಂದನೆಯ ಬಗೆ ಹರಡಿತ್ತು, 1981ರಲ್ಲಿ ಎರಡನೆಯದು. ಎರಡನೆಯ ಸಲ ತೀವ್ರವಾಗಿ ಕಾಯಿಲೆ ಬಿದ್ದವರಲ್ಲಿ ಬಹುಪಾಲು ಜನಕ್ಕೆ 1977ರಲ್ಲಿ ಸೋಂಕು ಆಗಿತ್ತು. ಹೀಗಂದರೆ ಎರಡನೇ ಸಲ ಬಂದವರಿಗೆಲ್ಲ ಗಂಭೀರ ಆಗುತ್ತದೆ ಅಂತಲ್ಲ. ಹೆಚ್ಚಿನವರು ಆಗಲೂ ಮನೆಯಲ್ಲೇ ಗುಣವಾಗುತ್ತಾರೆ. ಮೊದಲು ಬಂದಿತ್ತು ಅನ್ನುವುದನ್ನು ಡಾಕ್ಟರಿಗೆ ಹೇಳುವುದು ಮಾತ್ರ ಮುಖ್ಯ.

ಡೆಂಗಿ ಲಸಿಕೆ ಮಾಡುವುದು ಕಷ್ಟವಾಗಿರುವುದೂ ಇದೇ ಕಾರಣಕ್ಕೆ. ನಾಲ್ಕೂ ಬಗೆಗೆ ಒಟ್ಟಿಗೆ ಗಟ್ಟಿ ರಕ್ಷಣೆ ಬರಬೇಕು. ಅರೆಬರೆ ಬಂದರೆ ಲಸಿಕೆಯೇ ಮೊದಲ ಸೋಂಕಿನ ಕೆಲಸ ಮಾಡಿಬಿಡಬಹುದು. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಒಂದು ಲಸಿಕೆ ಕೊಟ್ಟಿದ್ದರು. ಮೊದಲು ಡೆಂಗಿ ಬಾರದ ಮಕ್ಕಳಿಗೆ ಅದರಿಂದ ಅಪಾಯ ಹೆಚ್ಚಬಹುದು ಅಂತ 2017ರ ಕೊನೆಯಲ್ಲಿ ತಿಳಿದು ಕಾರ್ಯಕ್ರಮ ನಿಂತಿತು. ಭಾರತದಲ್ಲಿ ನಾಲ್ಕೂ ಬಗೆಯ ವಿರುದ್ಧದ ಡೆಂಗಿಆಲ್ ಅನ್ನುವ ಲಸಿಕೆಯ ಮೂರನೇ ಹಂತದ ಪರೀಕ್ಷೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಪ್ಯಾನೇಸಿಯಾ ಬಯೋಟೆಕ್ ಕಂಪನಿ 2024ರ ಆಗಸ್ಟ್‌ನಲ್ಲಿ ಶುರುಮಾಡಿದವು. 10,000ಕ್ಕೂ ಹೆಚ್ಚು ಜನರ ಪರೀಕ್ಷೆ ಅದು. ಚುಚ್ಚಿಸಿಕೊಂಡವರನ್ನು ಎರಡು ವರ್ಷ ಗಮನಿಸುವ ಏರ್ಪಾಡಿದೆ. ಯಾಕೆಂದರೆ ಆಂಟಿಬಾಡಿ ಬಂತೋ ಇಲ್ಲವೋ ಅನ್ನುವುದು ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ಅದು ಕಡಿಮೆಯಾಗುತ್ತಾ ಬಂದಾಗ ಎರಡನೇ ಮಳೆಗಾಲದ ಸೊಳ್ಳೆ ಕಚ್ಚಿದರೆ ಏನಾಗುತ್ತದೆ ಅನ್ನುವುದು ಗೊತ್ತಾಗಲು ಅಷ್ಟು ಕಾಲ ಬೇಕು.